ತೊಳೆದ ಕಾರನ್ನು ಒಣಗಿಸುವ ಬಟ್ಟೆ ಮತ್ತು ಬಗೆ: ನನ್ನ ಅನುಭವ

ನಮ್ಮ ಮನೆಯಲ್ಲಿ ವಾಹನ ಒರೆಸುವ ಬಟ್ಟೆ ಎಂದರೆ ಹಳೆಯ ಪಂಚೆಯ ತುಂಡು. ಅಪ್ಪ ತಮ್ಮ ಸ್ಕೂಟರನ್ನು ಅದರಲ್ಲೇ ಒರೆಸುತ್ತಿದ್ದರು. 2019ರಲ್ಲಿ ಕಡುನೀಲಿ ಬಣ್ಣದ ಕಾರು ಕೊಂಡಾಗ ನಾನೂ ಅದೇ ಅಭ್ಯಾಸವನ್ನು ಮುಂದುವರಿಸಿದೆ. ಎರಡು ವರ್ಷ ಕಳೆಯುವಷ್ಟರಲ್ಲಿ, ಬಾನೆಟ್ಟಿನ ಮೇಲೆ ಬಿಸಿಲು ನೇರವಾಗಿ ಬಿದ್ದಾಗಲೆಲ್ಲ ಜೇಡರ ಬಲೆಯಂಥ ನವಿರಾದ ಗೀರುಗಳು ಕಾಣತೊಡಗಿದವು, ಬಾಗಿಲುಗಳ ಮೇಲೆ ಹನಿ ಒಣಗಿದ ಕಡೆಯೆಲ್ಲ ಬಿಳಿ ಉಂಗುರಗಳು ಉಳಿದುಕೊಂಡವು. ತೊಳೆಯುವ ಶಾಂಪೂ ಸರಿಯಿಲ್ಲವೆಂದು ಅದನ್ನು ಎರಡು ಬಾರಿ ಬದಲಿಸಿದೆ. ಗೀರಿಗೆ ಮುಖ್ಯ ಕಾರಣ ಒರೆಸುವ ಬಟ್ಟೆ, ಉಂಗುರಕ್ಕೆ ಕಾರಣ ಕೊನೆಯಲ್ಲಿ ಸುರಿದ ನೀರು ಎಂಬುದು ಅರ್ಥವಾದದ್ದು ಆ ಮೇಲೆ.

ಮೊದಲು ನೀರಿನ ವಿಚಾರ. ನಾವಿರುವುದು ಬೆಂಗಳೂರಿನ ಯಲಹಂಕದ ಕಡೆ. ನೆಲದಡಿಯ ನೀರಿನ ತೊಟ್ಟಿಗೆ (ಸಂಪ್) ಬೀಳುವುದು ಬೋರ್‌ವೆಲ್ ನೀರು, ಬೇಸಿಗೆಯಲ್ಲಿ ಟ್ಯಾಂಕರ್ ನೀರು. ನೀರಿನಲ್ಲಿ ಕರಗಿದ ಲವಣಗಳನ್ನು ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ತೋರಿಸುವ ಟಿಡಿಎಸ್ ಮೀಟರ್ ಅದ್ದಿದರೆ 900ರ ಆಸುಪಾಸು ತೋರಿಸುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕದಲ್ಲಿ ಅಪೇಕ್ಷಿತ ಮಿತಿ ಲೀಟರಿಗೆ 500 ಮಿಲಿಗ್ರಾಂ. ಇಂಥ ಗಡಸು ನೀರಿನ ಹನಿ ಆರಿದಾಗ ಅದರಲ್ಲಿದ್ದ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಅಲ್ಲೇ ಉಳಿದು ಬಿಳಿ ಕಲೆಯಾಗುತ್ತವೆ. ಬಿಸಿಲಿಗೆ ಕಾದ ತಗಡಿನ ಮೇಲಾದರೆ ಆ ಕಲೆ ಗಟ್ಟಿಯಾಗಿ ಕೂತು, ಮೇಲ್ಪದರವನ್ನೇ ತಿನ್ನಲೂಬಹುದು. ಹೊಸದಾಗಿ ಬಿದ್ದ ಕಲೆಯನ್ನು ಬಿಳಿ ವಿನೆಗರ್ ಮತ್ತು ನೀರನ್ನು ಸಮಪ್ರಮಾಣದಲ್ಲಿ ಬೆರೆಸಿ, ಒಂದು ನಿಮಿಷ ಒದ್ದೆ ಬಟ್ಟೆ ಇರಿಸಿ, ಕೂಡಲೇ ತೊಳೆದು ತೆಗೆದಿದ್ದೇನೆ. ವರ್ಷ ಕಳೆದ ಕಲೆಗಳು ಅದಕ್ಕೂ ಬಗ್ಗಲಿಲ್ಲ.

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ನಿಗದಿ ಮಾಡಿದಾಗ, ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅನೇಕರು ಕುಡಿಯುವ ನೀರು ಶುದ್ಧೀಕರಿಸುವ ಆರ್‌ಒ ಯಂತ್ರ ಹೊರಹಾಕುವ ನೀರನ್ನು ಕಾರಿಗೆ ಬಳಸತೊಡಗಿದರು. ನೀರು ಉಳಿಸುವ ಉದ್ದೇಶ ಒಳ್ಳೆಯದೇ. ಆದರೆ ಯಂತ್ರವು ಶುದ್ಧ ನೀರಿನಿಂದ ಬೇರ್ಪಡಿಸಿದ ಉಪ್ಪೆಲ್ಲ ಆ ನೀರಿನಲ್ಲೇ ಸೇರಿರುತ್ತದೆ. ನಮ್ಮ ಯಂತ್ರದ ಹೊರನೀರು ಮೀಟರಿನಲ್ಲಿ 1,300 ದಾಟಿತು. ಹೀಗಾಗಿ ಅದನ್ನು ಚಕ್ರ ಮತ್ತು ಕೆಳಭಾಗದ ಕೆಸರು ಬಿಡಿಸಲು ಮಾತ್ರ ಇಟ್ಟುಕೊಂಡೆ. ಕೊನೆಯ ನೀರಿಗೆ ಮಳೆಗಾಲದಲ್ಲಿ ತಾರಸಿಯ ಡ್ರಮ್ಮಿನಲ್ಲಿ ಹಿಡಿದ ಮಳೆನೀರು, ಬೇಸಿಗೆಯಲ್ಲಿ ಎಸಿಯ ಕೊಳವೆಯಿಂದ ತೊಟ್ಟಿಕ್ಕುವ ನೀರು ಬಳಸುತ್ತೇನೆ. ಎಸಿಯದು ಗಾಳಿಯ ತೇವವೇ ತಣಿದು ನೀರಾದದ್ದು. ಮೀಟರು ಅದಕ್ಕೆ 20ರಷ್ಟೂ ತೋರಿಸುವುದಿಲ್ಲ. ಗಿಡಕ್ಕೆ ಹಾಕುವ ಕ್ಯಾನಿನ ಜರಡಿ ಮೂತಿಯನ್ನು ಬಿಚ್ಚಿಟ್ಟು, ಎಂಟು ಲೀಟರ್ ನೀರನ್ನು ಛಾವಣಿಯಿಂದ ಆರಂಭಿಸಿ ನಿಧಾನವಾಗಿ ಸುರಿಯುತ್ತೇನೆ. ಚಿಮುಕಿಸಿದರೆ ಹನಿಗಳು ನಿಲ್ಲುತ್ತವೆ. ಒಂದೇ ಧಾರೆಯಾಗಿ ಹರಿಸಿದರೆ ನೀರು ಹಾಳೆಯಂತೆ ಜಾರುತ್ತ ಮೊದಲಿದ್ದ ಹನಿಗಳನ್ನೂ ಎಳೆದುಕೊಂಡು ಹೋಗುತ್ತದೆ, ಬಟ್ಟೆಗೆ ಉಳಿಯುವ ಕೆಲಸ ಅರ್ಧಕ್ಕಿಂತ ಕಡಿಮೆಯಾಗುತ್ತದೆ.

ಇನ್ನು ಬಟ್ಟೆ. ಪಂಚೆಯ ನಂತರ ಟರ್ಕಿ ಟವೆಲ್, ಆಮೇಲೆ ಕುರಿಚರ್ಮದ ಶಾಮಿ, ಆಮೇಲೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸುರುಳಿ ಸುತ್ತಿ ಮಾರುವ, ಸ್ಪಂಜಿನಂತೆ ನೀರು ಹೀರುವ ಹಳದಿ ಪಿವಿಎ (ಕೃತಕ ವಸ್ತುವಿನ) ಹಾಳೆ, ಹೀಗೆ ಒಂದೊಂದನ್ನೇ ಬಳಸಿ ನೋಡಿದೆ. ಪಿವಿಎ ಹಾಳೆ ನೀರು ಹೀರುವುದರಲ್ಲಿ ಯಾವುದಕ್ಕೂ ಕಡಿಮೆಯಿಲ್ಲ, ಹಿಂಡಿದರೆ ಮತ್ತೆ ಸಿದ್ಧ. ಆದರೆ ಅದರ ಮೈ ನುಣುಪು. ತೊಳೆದ ಮೇಲೂ ಉಳಿದ ಒಂದು ಮರಳಿನ ಕಣಕ್ಕೆ ಅದರಲ್ಲಿ ಅಡಗಲು ಜಾಗವಿಲ್ಲ, ಹಾಳೆಗೂ ಬಣ್ಣಕ್ಕೂ ನಡುವೆ ಸಿಕ್ಕಿ ಉದ್ದಕ್ಕೂ ಗೀರುತ್ತ ಹೋಗುತ್ತದೆ. ಬಣ್ಣವನ್ನು ಕಾಯುವ ಪಾರದರ್ಶಕ ಮೇಲ್ಪದರದ ದಪ್ಪ ಸುಮಾರು 40ರಿಂದ 50 ಮೈಕ್ರಾನ್, ಒಂದು ತಲೆಗೂದಲಿಗಿಂತ ತೆಳು ಎಂಬುದನ್ನು ನೆನೆದರೆ ಈ ಕಣದ ಮಾತು ಸಣ್ಣದಲ್ಲ. ಶಾಮಿಯ ದೋಷವೂ ಬಹುಮಟ್ಟಿಗೆ ಇದೇ.

ಕೊನೆಗೆ ನಿಂತದ್ದು ಮೈಕ್ರೋಫೈಬರ್. ಪಾಲಿಯೆಸ್ಟರ್ ಮತ್ತು ಪಾಲಿಅಮೈಡ್ ಎಳೆಗಳನ್ನು ಸಾಮಾನ್ಯವಾಗಿ 80ಕ್ಕೆ 20 ಅಥವಾ 70ಕ್ಕೆ 30ರ ಪ್ರಮಾಣದಲ್ಲಿ ಸೇರಿಸಿ, ಎಳೆಯನ್ನು ಸೀಳಿ ತಯಾರಿಸಿದ ಬಟ್ಟೆ ಇದು. ಸೀಳಿನ ಸಂದುಗಳಲ್ಲಿ ನೀರು ನಿಲ್ಲುತ್ತದೆ, ಕಣಗಳು ಕುಚ್ಚಿನೊಳಕ್ಕೆ ಸರಿಯುತ್ತವೆ. ಇದನ್ನು ಕೊಳ್ಳುವಾಗ ಎಲ್ಲರೂ ನೋಡುವುದು ಜಿಎಸ್‌ಎಂ, ಅಂದರೆ ಒಂದು ಚದರ ಮೀಟರ್ ಬಟ್ಟೆಯ ಗ್ರಾಂ ತೂಕ. ನಾನು ಆನ್‌ಲೈನಿನಲ್ಲಿ ತರಿಸಿದ 800 ಜಿಎಸ್‌ಎಂ ಟವೆಲ್ ಕೈಗೆ ಹಗುರವೆನಿಸಿತು. ಅಡುಗೆಮನೆಯ ತೂಕದ ಯಂತ್ರದ ಮೇಲೆ ಇಟ್ಟೆ. ಅಳತೆ 60ಕ್ಕೆ 40 ಸೆಂಟಿಮೀಟರ್, ಅಂದರೆ 0.24 ಚದರ ಮೀಟರ್. ಹೇಳಿದಂತಿದ್ದರೆ 192 ಗ್ರಾಂ ತೂಗಬೇಕಿತ್ತು, ತೂಗಿದ್ದು 138 ಗ್ರಾಂ. ಲೆಕ್ಕ ಹಾಕಿದರೆ 575 ಜಿಎಸ್‌ಎಂ. ಅಂದಿನಿಂದ ಯಾವ ಹೊಸ ಟವೆಲ್ ಬಂದರೂ ಮೊದಲು ತೂಗುತ್ತೇನೆ, ಕಡಿಮೆ ಬಂದರೆ ಮರಳಿಸುತ್ತೇನೆ. ಇನ್ನೊಂದು ಪರೀಕ್ಷೆ, ಹಳೆಯ ಸಿಡಿಯದು: ಅದರ ಹೊಳೆಯುವ ಮೈಮೇಲೆ ಟವೆಲಿನ ನಡುಭಾಗವನ್ನೂ ಅಂಚನ್ನೂ ಬೇರೆ ಬೇರೆಯಾಗಿ ಉಜ್ಜಿ ದೀಪಕ್ಕೆ ಹಿಡಿದೆ. ನಡುಭಾಗ ಗುರುತು ಬಿಡಲಿಲ್ಲ; ಹೊಲಿದ ಅಂಚು ಮತ್ತು ಕಂಪನಿಯ ಚೀಟಿ ಎರಡೂ ಗೆರೆ ಎಳೆದಿದ್ದವು. ಈಗ ಚೀಟಿಯನ್ನು ಕತ್ತರಿಸಿಯೇ ಬಳಸುತ್ತೇನೆ, ಸಾಧ್ಯವಾದಷ್ಟು ಹೊಲಿಗೆಯಿಲ್ಲದ ಅಂಚಿನದನ್ನೇ ಕೊಳ್ಳುತ್ತೇನೆ.

ಸದ್ಯ ನನ್ನ ಬಳಿ ಇರುವುದು ಹುರಿ ಹೊಸೆದಂಥ ಕುಚ್ಚುಗಳ 60ಕ್ಕೆ 90ರ ದೊಡ್ಡ ಟವೆಲ್ ಒಂದು, ಗಾಜಿಗೆ ಚೌಕಳಿ ಗುಳಿಗಳ ತೆಳು ಟವೆಲ್ ಒಂದು, ಕೆಳಭಾಗಕ್ಕೆ ಹಳೆಯವು ಎರಡು. ದೊಡ್ಡದನ್ನು ಸ್ವಲ್ಪ ತೇವ ಮಾಡಿ ಹಿಂಡಿಕೊಳ್ಳುತ್ತೇನೆ, ಪೂರ್ತಿ ಒಣಗಿದ್ದರೆ ಅದು ಮೊದಲ ನೀರನ್ನು ತಳ್ಳುತ್ತದೆ. ಬಾನೆಟ್ಟಿನ ಮೇಲೆ ಹಾಸಿ, ಎರಡು ಮೂಲೆ ಹಿಡಿದು, ಕೈಭಾರ ಹಾಕದೆ ನನ್ನ ಕಡೆಗೆ ಎಳೆದುಕೊಳ್ಳುತ್ತೇನೆ. ಟವೆಲಿನ ಸ್ವಂತ ತೂಕವೇ ಸಾಕು. ಬಾಗಿಲುಗಳಲ್ಲಿ ಎಳೆಯುವುದೂ ಇಲ್ಲ, ಒತ್ತಿ ಎತ್ತುತ್ತೇನೆ. ಛಾವಣಿ, ಗಾಜು, ಬಾನೆಟ್, ಡಿಕ್ಕಿ, ಬಾಗಿಲುಗಳ ಮೇಲರ್ಧ, ಆಮೇಲೆ ಹಳೆಯ ಟವೆಲಿನಲ್ಲಿ ಕೆಳರ್ಧ. ಬೆಳಿಗ್ಗೆ ಆರೂವರೆಗೆ ನೆರಳಿನಲ್ಲಿ ಶುರು ಮಾಡಿದರೆ ಹದಿನೈದು ನಿಮಿಷದ ಕೆಲಸ. ನೆಲಕ್ಕೆ ಬಿದ್ದ ಟವೆಲನ್ನು ತೊಳೆಯುವವರೆಗೆ ಮತ್ತೆ ಮುಟ್ಟುವುದಿಲ್ಲ.

ಕನ್ನಡಿ, ಬಾಗಿಲ ಹಿಡಿ, ನಂಬರ್ ಪ್ಲೇಟು, ಹಿಂದಿನ ದೀಪಗಳ ಸಂದುಗಳಲ್ಲಿ ಅಡಗಿದ ನೀರು ಅರ್ಧ ಗಂಟೆಯ ಮೇಲೆ ಇಳಿದು ಗೆರೆ ಹಾಕುತ್ತದೆ. ಇದಕ್ಕೆ ಕಂಪ್ಯೂಟರಿನ ಧೂಳು ಊದುವ ಸಣ್ಣ ಬ್ಲೋವರ್ ಸಾಕು, ಆದರೆ ಅದನ್ನು ನೆಲದ ಹತ್ತಿರ ಹಿಡಿದರೆ ನೆಲದ ಧೂಳನ್ನೇ ಎಳೆದು ಒದ್ದೆ ಬಣ್ಣದ ಮೇಲೆ ಊದುತ್ತದೆ. ಕಾರನ್ನು ಓಡಿಸಿ ಒಣಗಿಸುವವರೂ ಇದ್ದಾರೆ. ನಮ್ಮ ರಸ್ತೆಗಳ ಧೂಳಿನಲ್ಲಿ ಅದು ಸಲ್ಲದು. ಬ್ರೇಕಿನ ತಟ್ಟೆಗಳ ನೀರು ಆರಲೆಂದು ಎಲ್ಲ ಮುಗಿದ ಮೇಲೆ ಬಡಾವಣೆಯೊಳಗೆ ನಿಧಾನಕ್ಕೆ ಒಂದು ಸುತ್ತು ಹೋಗಿ ಬರುತ್ತೇನೆ, ಅಷ್ಟೆ.

ಇಷ್ಟೆಲ್ಲ ಮಾಡಿದರೂ ಹೊಸ ಗೀರು ಕಾಣುತ್ತಲೇ ಇದ್ದಾಗ ನೆನಪಾದದ್ದು, ನಮ್ಮ ಅಪಾರ್ಟ್‌ಮೆಂಟಿನಲ್ಲಿ ದಿನವೂ ಕಾರು ಒರೆಸುವ ಹುಡುಗ. ಒಂದೇ ಬಕೆಟ್ಟು, ಒಂದೇ ಬಟ್ಟೆ, ಹತ್ತಾರು ಕಾರು. ದಿನಾ ಒರೆಸುವುದು ಬೇಡವೆಂದಾಗ ಅವನು, “ಒಂದಿನ ಬಿಟ್ರೆ ಧೂಳು ಕೂತ್ಕೊಳುತ್ತೆ ಸರ್” ಎಂದ. “ಕೂತ್ಕೊಳ್ಳಿ ಬಿಡಪ್ಪ, ಕೂತಿರೋ ಧೂಳು ಏನೂ ಮಾಡಲ್ಲ, ಉಜ್ಜಿದ್ರೇನೇ ಗೀರು ಬೀಳೋದು” ಎಂದೆ. ಸಂಬಳ ಕಡಿಮೆ ಮಾಡಲಿಲ್ಲ. ಈಗ ಅವನು ಒಳಗಿನ ಮ್ಯಾಟ್ ಕೊಡವಿ, ಗಾಜುಗಳನ್ನು ನಾನು ಕೊಟ್ಟ ಟವೆಲಿನಲ್ಲಿ ಒರೆಸುತ್ತಾನೆ.

ಟವೆಲುಗಳನ್ನು ಹತ್ತಿ ಬಟ್ಟೆಗಳ ಜೊತೆ ಒಗೆಯುವುದಿಲ್ಲ, ಹತ್ತಿಯ ನವಿರೆಳೆ ಕುಚ್ಚಿಗೆ ಅಂಟಿಬಿಡುತ್ತದೆ. ಬಟ್ಟೆ ಮೆದುವಾಗಿಸುವ ದ್ರಾವಣ ಹಾಕಿದರೆ ಎಳೆಯ ಮೇಲೆ ಎಣ್ಣೆಯ ಪದರ ಕೂತು ನೀರು ಹೀರುವುದೇ ನಿಲ್ಲುತ್ತದೆ; ದ್ರವರೂಪದ ಸೋಪು, ತಣ್ಣೀರು, ಕೊನೆಗೊಮ್ಮೆ ಮಳೆನೀರಿನಲ್ಲಿ ಅದ್ದಿ ನೆರಳಿನಲ್ಲಿ ಹರಡಿದರೆ ಸಾಕು. ಮೂರು ತಿಂಗಳಿಗೊಮ್ಮೆ ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಮೇಲೆ ಎರಡು ಚಮಚ ನೀರು ಚೆಲ್ಲಿ ಒಂದೊಂದು ಟವೆಲನ್ನೂ ಅದರ ಮೇಲೆ ಎಳೆದು ನೋಡುತ್ತೇನೆ. ನೀರನ್ನು ಎತ್ತಿಕೊಂಡದ್ದು ಕಾರಿನ ಮೇಲ್ಭಾಗಕ್ಕೆ, ಅತ್ತಿತ್ತ ತಳ್ಳಿದ್ದು ಮುಂದಿನ ವಾರದಿಂದ ಚಕ್ರಗಳಿಗೆ.