ಜಾಝ್ ಪಿಯಾನೊ: ಹಿರಿಯ ವಾದಕರ ಸೋಲೊಗಳಿಂದ ಇಂಪ್ರೊವೈಸೇಷನ್ ಕಲಿಯುವ ಬಗೆ

ಜಾಝ್ ಪಿಯಾನೊದಲ್ಲಿ ಮನೋಧರ್ಮವನ್ನು, ಅಂದರೆ ಆ ಕ್ಷಣದಲ್ಲೇ ಹೊಸದಾಗಿ ಕಟ್ಟಿ ನುಡಿಸುವ ಇಂಪ್ರೊವೈಸೇಷನ್ ಕಲೆಯನ್ನು ಬೆಳೆಸಿಕೊಳ್ಳಬೇಕಾದರೆ ಸ್ಕೇಲ್‌ಗಳ ಪಟ್ಟಿಯನ್ನು ಕಂಠಪಾಠ ಮಾಡುವುದಕ್ಕಿಂತ ಒಬ್ಬ ಶ್ರೇಷ್ಠ ವಾದಕರ ಒಂದೇ ಸೋಲೊವನ್ನು (ರಚನೆಯ ನಡುವೆ ಒಬ್ಬರೇ ಮುಂದಾಗಿ ನುಡಿಸುವ ಭಾಗವನ್ನು) ಕೇಳಿ, ಹಾಡಿ, ಕೈಗೆ ಇಳಿಸಿಕೊಳ್ಳುವುದು ಹೆಚ್ಚು ಫಲ ಕೊಡುತ್ತದೆ. ಯಾವ ಕಾರ್ಡಿಗೆ (ಒಟ್ಟಿಗೆ ನುಡಿಸುವ ಸ್ವರಗುಚ್ಛಕ್ಕೆ) ಯಾವ ಸ್ಕೇಲ್ (ಸ್ವರಶ್ರೇಣಿ) ಹೊಂದುತ್ತದೆ ಎಂಬುದನ್ನು ಪುಸ್ತಕ ತಿಳಿಸಬಲ್ಲದು. ಆದರೆ ಒಂದು ಫ್ರೇಸನ್ನು, ಅಂದರೆ ಸ್ವರಗಳ ಒಂದು ವಾಕ್ಯವನ್ನು, ಯಾವ ಬೀಟಿನಲ್ಲಿ ಎತ್ತಿಕೊಳ್ಳಬೇಕು, ಎಷ್ಟು ಹೊತ್ತು ಸುಮ್ಮನಿರಬೇಕು, ಯಾವ ಸ್ವರವನ್ನು ಒತ್ತಿ ನುಡಿಸಿ ಯಾವುದನ್ನು ಅರೆಬರೆ ನುಂಗಬೇಕು ಎಂಬುದು ಧ್ವನಿಮುದ್ರಣವನ್ನು ಕೇಳಿದಾಗ ಮಾತ್ರ ತಿಳಿಯುತ್ತದೆ. ಈ ಸಂಗೀತ ಬೆಳೆದುಬಂದದ್ದೂ ಹೀಗೆಯೇ. ಪಿಯಾನೊ ವಾದಕ ಬಡ್ ಪೊವೆಲ್ ಅವರ ಬಲಗೈಯ ಓಟದಲ್ಲಿ ಚಾರ್ಲಿ ಪಾರ್ಕರ್ ಅವರ ಸ್ಯಾಕ್ಸೊಫೋನಿನ ನುಡಿಗಟ್ಟು ಸ್ಪಷ್ಟವಾಗಿ ಕೇಳಿಸುತ್ತದೆ, ಇನ್ನೊಬ್ಬ ಪಿಯಾನೊ ವಾದಕ ಬಿಲ್ ಇವಾನ್ಸ್ ಅವರ ಮೇಲೆ ಪೊವೆಲ್ ಅವರ ಪ್ರಭಾವವಿದೆ.

ಮೊದಲ ಸೋಲೊವನ್ನು ಆರಿಸುವಾಗ ಮೆಚ್ಚುಗೆಯ ಜೊತೆಗೆ ವಿವೇಕವೂ ಇರಬೇಕು. ಆರ್ಟ್ ಟೇಟಮ್ ಮತ್ತು ಆಸ್ಕರ್ ಪೀಟರ್ಸನ್ ಎಷ್ಟೇ ಆಕರ್ಷಕರಾಗಿದ್ದರೂ ಅವರ ವೇಗ ಹೊಸಬರ ಕಿವಿಗೆ ಸಿಗುವುದಿಲ್ಲ. ಮಧ್ಯಮ ಗತಿಯಲ್ಲಿ, ಫ್ರೇಸುಗಳ ನಡುವೆ ಉಸಿರು ಬಿಟ್ಟು ನುಡಿಸುವ ರೆಡ್ ಗಾರ್ಲೆಂಡ್ ಅಥವಾ ವಿಂಟನ್ ಕೆಲಿ ಅವರಿಂದ ಆರಂಭಿಸುವುದು ಒಳ್ಳೆಯದು. ನನ್ನ ಆಯ್ಕೆ 1959ರಲ್ಲಿ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ಆಲ್ಬಮ್ಮಿಗಾಗಿ ಮುದ್ರಿತವಾದ ‘ಫ್ರೆಡ್ಡಿ ಫ್ರೀಲೋಡರ್’ನಲ್ಲಿ ಕೆಲಿ ಅವರು ನುಡಿಸಿರುವ ಸೋಲೊ. ಇದು ಬಿ-ಫ್ಲಾಟ್‌ನಲ್ಲಿರುವ 12 ಬಾರ್‌ಗಳ (ತಾಳದ ಆವರ್ತದಂಥ ಅಳತೆಗಳ) ಸುತ್ತು ಮರುಕಳಿಸುವ ಬ್ಲೂಸ್ ರಚನೆ. ಮುಖ್ಯ ರಾಗಭಾಗ ಮುಗಿದ ಕೂಡಲೇ ಮೊದಲ ಸೋಲೊ ಪಿಯಾನೊದ್ದೇ ಆಗಿರುವುದರಿಂದ ಅದನ್ನು ಹುಡುಕುವ ಕಷ್ಟವೂ ಇಲ್ಲ.

ಇಡೀ ಸೋಲೊವನ್ನು ಒಮ್ಮೆಗೇ ಕಲಿಯಲು ಹೊರಡಬೇಡಿ. ಒಂದು ಕೋರಸ್, ಅಂದರೆ ಒಂದು ಸುತ್ತಿನ 12 ಬಾರ್‌ಗಳು, ಮೊದಲಿಗೆ ಧಾರಾಳವಾಯಿತು. ಅದನ್ನು ಪಿಯಾನೊದಿಂದ ದೂರ ಕುಳಿತು ಹಲವು ದಿನ ಕೇಳಿ, ಧ್ವನಿಮುದ್ರಣದ ಜೊತೆಗೇ ಹಾಡಲು ಬರುವವರೆಗೆ ಕೀಲಿಗಳನ್ನು ಮುಟ್ಟದಿರಿ. ನ್ಯೂಯಾರ್ಕಿನಲ್ಲಿ ಪಾಠ ಹೇಳುತ್ತಿದ್ದ ಪಿಯಾನೊ ವಾದಕ ಲೆನ್ನಿ ಟ್ರಿಸ್ಟಾನೊ ತಮ್ಮ ಶಿಷ್ಯರಿಂದ ಸ್ಯಾಕ್ಸೊಫೋನ್ ವಾದಕರಾದ ಲೆಸ್ಟರ್ ಯಂಗ್ ಮತ್ತು ಚಾರ್ಲಿ ಪಾರ್ಕರ್ ಅವರ ಸೋಲೊಗಳನ್ನು ಹೀಗೆಯೇ ಹಾಡಿಸುತ್ತಿದ್ದರು. ಕಂಠ ಇಂಪಾಗಿರಬೇಕಿಲ್ಲ, ಸ್ವರ ಸ್ಥಾನದಲ್ಲಿ ನಿಂತು, ಲಯ ಖಚಿತವಾಗಿದ್ದರೆ ಸಾಕು. ಹಾಡುವಾಗ ತಡವರಿಸಿದ ಜಾಗವೇ ಕಿವಿ ಇನ್ನೂ ಸರಿಯಾಗಿ ಕೇಳಿಸಿಕೊಳ್ಳದ ಜಾಗ. ಅಲ್ಲಿಗೆ ಮತ್ತೆ ಮತ್ತೆ ಮರಳಿ.

ಆನಂತರ ಪಿಯಾನೊದ ಮುಂದೆ ಕುಳಿತು ಎರಡೆರಡು ಬಾರ್‌ಗಳಂತೆ ಸ್ವರಗಳನ್ನು ಹುಡುಕಿ. ಶ್ರುತಿ ಬದಲಾಗದಂತೆ ವೇಗವನ್ನು ತಗ್ಗಿಸುವ ಆ್ಯಪ್‌ಗಳು ಇಲ್ಲಿ ನೆರವಾಗುತ್ತವೆ, ಆದರೆ ಸ್ವರ ಸಿಕ್ಕ ಮೇಲೆ ಮೂಲ ವೇಗಕ್ಕೆ ಮರಳಲೇಬೇಕು, ಏಕೆಂದರೆ ನಿಧಾನಗೊಳಿಸಿದ ಧ್ವನಿಯಲ್ಲಿ ಸ್ವಿಂಗ್, ಅಂದರೆ ಜಾಝ್ ಲಯದ ತೂಗಾಟ, ಚದುರಿಹೋಗುತ್ತದೆ. ಸಿದ್ಧ ನೊಟೇಷನ್ ತರಿಸಿಕೊಂಡು ನೋಡಿ ನುಡಿಸುವುದನ್ನು ನಾನು ಒಪ್ಪುವುದಿಲ್ಲ; ಹುಡುಕುವ ಶ್ರಮದಲ್ಲಿಯೇ ಕಲಿಕೆಯ ಬಹುಪಾಲು ಇದೆ. ಬರೆದಿಟ್ಟುಕೊಳ್ಳುವ ಆಸೆಯಿದ್ದರೆ ನುಡಿಸಲು ಬಂದ ಮೇಲೆ ಬರೆಯಿರಿ. ಕೆಲಿ ಅವರ ಜೊತೆ ಏಕಕಾಲಕ್ಕೆ ನುಡಿಸಿದಾಗ ನಿಮ್ಮ ಪಿಯಾನೊ ಬೇರೆಯಾಗಿ ಕೇಳಿಸದಷ್ಟು ಲಯವೂ ಒತ್ತೂ ಬೆರೆತುಕೊಂಡರೆ ಈ ಹಂತ ಮುಗಿಯಿತು.

ಇನ್ನು ವಿಶ್ಲೇಷಣೆ. ಬಲಗೈಯ ಪ್ರತಿ ಸ್ವರಕ್ಕೂ ಹೆಸರು ಹಚ್ಚುವುದು ಬೇಡ; ಕಾರ್ಡ್ ಬದಲಾಗುವ ಕ್ಷಣದಲ್ಲಿ ರಾಗದ ಎಳೆ ಎಲ್ಲಿದೆ ಎಂಬುದನ್ನು ಮಾತ್ರ ಗಮನಿಸಿ. ಸಾಮಾನ್ಯ ಬ್ಲೂಸ್ ಕೊನೆಯ ಎರಡು ಬಾರ್‌ಗಳಲ್ಲಿ ಮನೆಯ ಕಾರ್ಡಿಗೆ, ಅಂದರೆ ಇಲ್ಲಿ ಬಿ-ಫ್ಲಾಟ್ ಸೆವೆಂತ್‌ಗೆ (ಏಳನೆಯ ಸ್ವರವೂ ಸೇರಿದ ಬಿ-ಫ್ಲಾಟ್ ಕಾರ್ಡಿಗೆ) ಮರಳುತ್ತದೆ. ಈ ರಚನೆ ಹಾಗೆ ಮಾಡದೆ 10ನೆಯ ಬಾರ್‌ನ ಇ-ಫ್ಲಾಟ್ ಸೆವೆಂತ್‌ನಿಂದ 11ನೆಯ ಬಾರ್‌ನಲ್ಲಿ ಎ-ಫ್ಲಾಟ್ ಸೆವೆಂತ್‌ಗೆ ಹೋಗುತ್ತದೆ. ಆ ತಿರುವಿನಲ್ಲಿ ಎರಡು ಸ್ವರಗಳು ಎಲ್ಲವನ್ನೂ ನಿರ್ಧರಿಸುತ್ತವೆ: ಇ-ಫ್ಲಾಟ್‌ನ ಮೂರನೆಯ ಸ್ವರವಾದ ಜಿ ಅರ್ಧ ಹೆಜ್ಜೆ ಇಳಿದು ಜಿ-ಫ್ಲಾಟ್ ಆಗುತ್ತದೆ, ಏಳನೆಯ ಸ್ವರವಾದ ಡಿ-ಫ್ಲಾಟ್ ಅರ್ಧ ಹೆಜ್ಜೆ ಇಳಿದು ಸಿ ಆಗುತ್ತದೆ. ಈ ಎರಡು ಇಳಿಕೆಗಳನ್ನಷ್ಟೇ ಎಡಗೈಯಲ್ಲಿ ನುಡಿಸಿಕೊಂಡು, ಬಲಗೈಯ ಫ್ರೇಸ್ ಅವುಗಳನ್ನು ಮುಟ್ಟುತ್ತದೆಯೋ, ಸುತ್ತಿ ಬರುತ್ತದೆಯೋ, ಬೇಕೆಂದೇ ದಾಟಿ ಹೋಗುತ್ತದೆಯೋ ಎಂದು ಕೇಳಿ. ಜಾಝ್‌ನಲ್ಲಿ ರಾಗದ ಎಳೆ ಕಾರ್ಡುಗಳ ಹಾದಿಯನ್ನು ಹೇಗೆ ತೋರಿಸಿಕೊಡುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ಕಾಣಿಸುವ ಇನ್ನೊಂದು ಅಭ್ಯಾಸವನ್ನು ನಾನು ಅರಿಯೆ.

ಕಲಿತದ್ದು ನಿಮ್ಮದಾಗುವುದು ಮುಂದಿನ ಕೆಲಸದಲ್ಲಿ. ಮನಸ್ಸಿಗೆ ಹಿಡಿಸಿದ ಒಂದೇ ಒಂದು ಫ್ರೇಸನ್ನು ಆರಿಸಿಕೊಂಡು, ಕಾಗದದ ನೆರವಿಲ್ಲದೆ 12 ಕೀಗಳಲ್ಲಿಯೂ (ಶ್ರುತಿಗಳಲ್ಲಿಯೂ) ನುಡಿಸಿ. ಬಳಿಕ ಸ್ವರಗಳನ್ನು ಹಾಗೆಯೇ ಇಟ್ಟು ಲಯವನ್ನು ಬದಲಿಸಿ, ಲಯವನ್ನು ಹಾಗೆಯೇ ಇಟ್ಟು ಸ್ವರಗಳನ್ನು ಬದಲಿಸಿ. ಅರ್ಧ ಬೀಟ್ ತಡವಾಗಿ ಆರಂಭಿಸಿ. ಮೊದಲರ್ಧ ಕೆಲಿ ಅವರದು, ಉಳಿದರ್ಧ ನಿಮ್ಮದು ಎಂಬಂತೆ ಮುಗಿಸಿ. ಹೀಗೆ ಪಳಗಿದ ಫ್ರೇಸ್ ಬೇರೊಂದು ಹಾಡಿನ ನಡುವೆ ಕರೆಯದೆಯೇ ಕೈಗೆ ಬರುತ್ತದೆ. ಪಳಗಿಸದ ಫ್ರೇಸನ್ನು ತುರುಕಿದರೆ ಅದು ಎರವಲೆಂದು ಕೇಳುಗರಿಗೆ ತಕ್ಷಣ ತಿಳಿಯುತ್ತದೆ.

ಎಡಗೈಗೆ ಪ್ರತ್ಯೇಕ ಗುರು ಬೇಕು. ಅದೇ ಆಲ್ಬಮ್ಮಿನ ಉಳಿದ ರಚನೆಗಳಲ್ಲಿ ಪಿಯಾನೊ ನುಡಿಸಿದವರು ಬಿಲ್ ಇವಾನ್ಸ್. ಮೂಲ ಸ್ವರವನ್ನು ಬಾಸ್ ವಾದಕರಿಗೆ ಬಿಟ್ಟುಕೊಡುವ ಅವರ ರೀತಿಯ ಎಡಗೈ ಕಾರ್ಡುಗಳನ್ನು ಸಿ ಮೇಜರ್‌ನಲ್ಲಿ ಹೀಗೆ ಆರಂಭಿಸಬಹುದು: ಡಿ ಮೈನರ್ ಸೆವೆಂತ್‌ಗೆ ಎಫ್-ಎ-ಸಿ-ಇ, ಜಿ ಸೆವೆಂತ್‌ಗೆ ಎಫ್-ಎ-ಬಿ-ಇ, ಸಿ ಮೇಜರ್ ಸೆವೆಂತ್‌ಗೆ ಇ-ಜಿ-ಬಿ-ಡಿ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಕೈ ಬಹುತೇಕ ಇದ್ದಲ್ಲೇ ಇರುತ್ತದೆ. ಈ ಮೂರು ಕಾರ್ಡುಗಳನ್ನು ಕೈ ನೋಡದೆ ಹಿಡಿಯಲು ಬಂದ ಮೇಲೆ ಬಲಗೈಯ ಫ್ರೇಸುಗಳನ್ನು ಅವುಗಳ ಮೇಲೆ ಕೂರಿಸಿ.

ವಾರಕ್ಕೊಮ್ಮೆ ನಿಮ್ಮ ವಾದನವನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡು, ಕೆಲಿ ಅವರ ಕೋರಸ್ಸಿನ ಪಕ್ಕದಲ್ಲಿಟ್ಟು ಕೇಳಿ. ಮೊದಲು ಲಯವನ್ನು, ಆಮೇಲೆ ಮೌನಗಳನ್ನು, ಕೊನೆಗೆ ಸ್ವರಗಳನ್ನು ಹೋಲಿಸಿ. ಒಬ್ಬ ವಾದಕರ ಜೊತೆ ಕೆಲವು ತಿಂಗಳು ಕಳೆದು, ಎರಡು ಮೂರು ಕೋರಸ್‌ಗಳು ಕೈಗೆ ಕುಳಿತ ಬಳಿಕ, ತೀರಾ ಭಿನ್ನ ಸ್ವಭಾವದ ಇನ್ನೊಬ್ಬರತ್ತ ಹೊರಳಿ. ಕೆಲಿ ಅವರ ಉಲ್ಲಾಸದ ಓಟದ ನಂತರ, ಕಡಿಮೆ ಸ್ವರಗಳಲ್ಲಿ ಕೋನಕೋನವಾಗಿ ನುಡಿಸುವ ಥೆಲೋನಿಯಸ್ ಮಂಕ್ ಅವರ ಬ್ಲೂಸ್ ಸೋಲೊವೊಂದನ್ನು ಇದೇ ಕ್ರಮದಲ್ಲಿ, ಹಾಡುವುದರಿಂದಲೇ ಆರಂಭಿಸಿ ಕಲಿಯಬಹುದು.