ಜೊತೆಗೆ ಬಂದವರು ಸ್ವಲ್ಪ ಹೊರಗೆ ಕೂತಿರಿ

ನನ್ನ ನೌಕರಿಯ ಬಹುಪಾಲು ಕಳೆದದ್ದು ಮಲೆನಾಡಿನ ತಾಲ್ಲೂಕು ಊರುಗಳ ಬ್ಯಾಂಕ್ ಶಾಖೆಗಳಲ್ಲಿ. ಅಡಿಕೆ ತೋಟ, ಬೆಂಗಳೂರಿಗೋ ಅಮೆರಿಕಕ್ಕೋ ಹೋದ ಮಕ್ಕಳು, ಮನೆಯಲ್ಲಿ ಉಳಿದ ಇಬ್ಬರು ವಯಸ್ಸಾದವರು, ಅವರ ಹೆಸರಿನಲ್ಲಿ ನಾಲ್ಕಾರು ಎಫ್‌ಡಿ. ಈ ದುಡ್ಡಿನ ಮೇಲೆ ಯಾರ ಕಣ್ಣು ಎಂದು ಕೇಳಿದರೆ ಎಲ್ಲರೂ ಫೋನಿನ ಕಳ್ಳರತ್ತ ಬೆರಳು ತೋರಿಸುತ್ತಾರೆ. ನಾನು ಕೌಂಟರಿನಲ್ಲಿ ಕಂಡಂತೆ ಹೆಚ್ಚು ಸಲ ದುಡ್ಡು ಸೇರಿದ್ದು ಕೈಹಿಡಿದು ಕರೆದುಕೊಂಡು ಬಂದವರ ಜೇಬಿಗೆ. ಮೊಮ್ಮಗ, ಅಳಿಯ, ತಮ್ಮನ ಮಗ, ಒಮ್ಮೊಮ್ಮೆ ಪಕ್ಕದ ಮನೆಯ "ಭಾರೀ ಒಳ್ಳೇ ಹುಡುಗ".

ಹಾಗಾಗಿ ನಾನು ಮಾಡಿಕೊಂಡ ಮೊದಲ ರೂಢಿ ಎಂದರೆ, ಎಪ್ಪತ್ತು ದಾಟಿದ ಯಾರೇ ಎಫ್‌ಡಿ ಮುರಿಸಲು ಬಂದರೂ ಅವರೊಬ್ಬರನ್ನೇ ಒಳಗೆ ಕೂರಿಸಿ ಮಾತಾಡುವುದು. ಅನುಮಾನ ಬಂದವರನ್ನು ಮಾತ್ರ ಹೀಗೆ ಕರೆದರೆ ಜಗಳವಾಗುತ್ತದೆ, ಎಲ್ಲರಿಗೂ ಒಂದೇ ಪದ್ಧತಿ ಎಂದರೆ ಯಾರಿಗೂ ಅವಮಾನವಿಲ್ಲ. "ಅಜ್ಜಿಗೆ ಕಿವಿ ಕೇಳಲ್ಲ ಮೇಡಂ, ನಾನೇ ಹೇಳ್ತೀನಿ" ಎನ್ನುವವರಿಗಾಗಿ ಮೇಜಿನ ಮೇಲೆ ಬಿಳಿ ಹಾಳೆ, ದಪ್ಪ ಮಾರ್ಕರ್ ಇಟ್ಟಿದ್ದೆ. ಕಿವಿ ಕೇಳದ ಅಜ್ಜಿಯರು ಓದಬಲ್ಲರು. ಓದಲು ಬಾರದವರ ಹತ್ತಿರ ಕುರ್ಚಿ ಎಳೆದುಕೊಂಡು ಕಿವಿಯ ಬಳಿಯೇ ಕೇಳುತ್ತಿದ್ದೆ.

ಎಷ್ಟು, ಯಾರಿಗೆ, ಏತಕ್ಕೆ ಎಂಬ ಪ್ರಶ್ನೆಗಳಿಗೆ ಉತ್ತರ ಕಲಿಸಿಯೇ ಕರೆತಂದಿರುತ್ತಾರೆ. ಯಾರೂ ಕಲಿಸದ ಪ್ರಶ್ನೆ ಒಂದಿದೆ: "ಈ ಬಡ್ಡಿ ನಿಂತ ಮೇಲೆ ತಿಂಗಳ ಮಾತ್ರೆಗೆ ದುಡ್ಡು ಎಲ್ಲಿಂದ?" ಅಲ್ಲಿ ಮಾತು ನಿಲ್ಲುತ್ತದೆ. ಆಮೇಲೆ ನಿಜ ಹೊರಗೆ ಬರುತ್ತದೆ. "ಎಂತ ಮಾಡ್ಲಿ ತಂಗೀ, ಮಾಣಿ ದಿನಾ ಕೇಳ್ತಾನೆ. ಕೊಡದೇ ಇದ್ರೆ ಮಾತೇ ಆಡ್ತಿಲ್ಲೆ."

ಇಂಥಲ್ಲಿ ನಾನು ಕೊಡುತ್ತಿದ್ದ ಸಲಹೆ, ಎಫ್‌ಡಿ ಮುರಿಸಬೇಡಿ, ಅದರ ಮೇಲೆ ಸಾಲ ತೆಗೆಯಿರಿ, ಬಡ್ಡಿಯನ್ನು ಮಾಣಿ ಕಟ್ಟಲಿ. ಸಾಲ ಅಜ್ಜನ ಹೆಸರಿನಲ್ಲೇ ಇರುತ್ತದೆ, ನಿಜ. ಆದರೆ ಠೇವಣಿ ಉಳಿಯುತ್ತದೆ, ಕೊಟ್ಟದ್ದಕ್ಕೆ ಲೆಕ್ಕ ಇರುತ್ತದೆ. ನಿಜವಾದ ಅಗತ್ಯ ಇದ್ದವನು ಒಪ್ಪುತ್ತಾನೆ. ಉಳಿದವರಿಗೆ ಬಡ್ಡಿ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಬಸ್ಸಿಗೆ ಹೊತ್ತಾಗುತ್ತಿತ್ತು.

ಜಂಟಿ ಖಾತೆಯ ವಿಷಯದಲ್ಲಿ ಮಾತ್ರ ನಾನು ಹಟಮಾರಿ. ಕಾಲು ನೋವು, ಬ್ಯಾಂಕಿಗೆ ಬರಲಾಗದು ಎಂದು ಮಗನ ಹೆಸರು ಸೇರಿಸುತ್ತಾರೆ. ಅರ್ಜಿಯಲ್ಲಿ 'ಐದರ್ ಆರ್ ಸರ್ವೈವರ್' ಎಂಬಲ್ಲಿ ಗುರುತು ಬಿದ್ದರೆ ಆ ದಿನದಿಂದಲೇ ಮಗ ಒಬ್ಬನೇ ಬಂದು ಉಳಿತಾಯ ಖಾತೆಯ ದುಡ್ಡು ತೆಗೆಯಬಹುದು. 'ಫಾರ್ಮರ್ ಆರ್ ಸರ್ವೈವರ್' ಎಂದಿದ್ದರೆ ಮೊದಲ ಹೆಸರಿನವರು ಬದುಕಿರುವ ತನಕ ವ್ಯವಹಾರ ಅವರದೇ. ಗುರುತು ಹಾಕುವ ಚೌಕ ಒಂದು ಬೆರಳಿನಷ್ಟು ಆಚೀಚೆ, ಅಷ್ಟೇ. ಎಷ್ಟೋ ಜನಕ್ಕೆ ಎರಡೂ ಒಂದೇ ಎಂಬ ನಂಬಿಕೆ. ನಾಮಿನಿ, ಅಂದರೆ ಖಾತೆದಾರರು ತೀರಿಕೊಂಡ ಮೇಲೆ ಬ್ಯಾಂಕಿನಿಂದ ದುಡ್ಡು ಪಡೆಯಲು ಹೆಸರಿಸಿದವರು, ವಾರಸುದಾರರೇ ಎಂಬುದೂ ಅಂಥದೇ ತಪ್ಪು ನಂಬಿಕೆ. ಇನ್ನು, ಬರಲಾಗದ ತೊಂದರೆಗೆ ಬೇರೆ ದಾರಿಯಿದೆ: 70 ದಾಟಿದವರ ಮನೆಗೇ ನಗದು ತಲುಪಿಸುವಂಥ ಸೇವೆ ಕೊಡಿ ಎಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ, ಆದ್ದರಿಂದ ಕೇಳಿ.

ಸಹಿ ಮಾಡಲಾಗದ ರೋಗಿಗಳ ಹೆಬ್ಬೆಟ್ಟಿಗೆ ಬ್ಯಾಂಕಿಗೆ ಪರಿಚಯವಿರುವ ಇಬ್ಬರು ಸ್ವತಂತ್ರ ಸಾಕ್ಷಿಗಳು ಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು. ದುಡ್ಡು ಪಡೆಯುವವನನ್ನೇ ಇನ್ನೊಬ್ಬ ಸಾಕ್ಷಿಯಾಗಿ ನಿಲ್ಲಿಸಲು ನಾನು ಬಿಡುತ್ತಿರಲಿಲ್ಲ.

ಪೊಲೀಸರೆಂದು ಹೇಳಿ ಕರೆ ಮಾಡಿ, ನಿಮ್ಮನ್ನು ಫೋನಿನಲ್ಲೇ ಬಂಧಿಸಿದ್ದೇವೆ ಎಂದು ಹೆದರಿಸಿ ದುಡ್ಡು ಕೀಳುವ 'ಡಿಜಿಟಲ್ ಅರೆಸ್ಟ್' ಶುರುವಾದ ಮೇಲೆ ಬೇರೆ ಉಪಾಯ ಬೇಕಾಯಿತು. ಈ ಬಲೆಗೆ ಬಿದ್ದವರು ಒಬ್ಬರೇ ಬರುತ್ತಾರೆ. ದೊಡ್ಡ ಮೊತ್ತವನ್ನು ಬೇರೆ ಬ್ಯಾಂಕಿನ ಖಾತೆಗೆ ಕಳಿಸುವ ಆರ್‌ಟಿಜಿಎಸ್ ಫಾರ್ಮಿನಲ್ಲಿ ಕೇಳರಿಯದ ಹೆಸರು, ದೂರದ ಯಾವುದೋ ಊರಿನ ಶಾಖೆ. ಏತಕ್ಕೆ ಎಂದರೆ "ಮಗನಿಗೆ ಸೈಟು". ಅಂಗಿಯ ಜೇಬಿನಲ್ಲಿ ಫೋನು, ಕರೆ ಇನ್ನೂ ಚಾಲೂ. ಬಾಯಲ್ಲಿ ಏನು ಕೇಳಿದರೂ ಆ ಕಡೆಯವನಿಗೆ ಕೇಳಿಸುತ್ತದೆ. ಅದಕ್ಕೆ ಚಲನ್ ಹಿಂದೆ ಬರೆದು ತೋರಿಸುತ್ತಿದ್ದೆ: 'ಫೋನಿನಲ್ಲಿ ಯಾರಾದರೂ ಕೇಳಿಸಿಕೊಳ್ಳುತ್ತಿದ್ದಾರಾ? ಹೌದಾದರೆ ತಲೆ ಆಡಿಸಿ.' ಒಬ್ಬ ನಿವೃತ್ತ ಮೇಷ್ಟ್ರು ಓದಿ, ತಲೆಯಾಡಿಸಿ, ಹಾಗೇ ಅತ್ತುಬಿಟ್ಟರು. ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ಕಾನೂನಿನಲ್ಲೇ ಇಲ್ಲ ಎಂದು ಅವರಿಗೆ ನಂಬಿಕೆ ಬರಲು ಠಾಣೆಯ ಪೇದೆಯೊಬ್ಬರು ಬಂದು ಎದುರು ಕೂರಬೇಕಾಯಿತು. ದುಡ್ಡು ಆಗಲೇ ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ, ಜೊತೆಗೇ ಬ್ಯಾಂಕಿಗೆ ದೂರು. ಮುಂದಿನ ಖಾತೆಗಳಿಂದ ಹಣ ಜಾರುವ ಮೊದಲು ತಡೆ ಬಿದ್ದರೆ ಮಾತ್ರ ಸಿಗುವ ಆಸೆ.

ಬ್ಯಾಂಕಿನವರೇನು ಸಾಚಾ ಎಂದು ಕೇಳಿದರೆ ನನ್ನ ಬಳಿ ಒಳ್ಳೆಯ ಉತ್ತರವಿಲ್ಲ. ಎಫ್‌ಡಿ ನವೀಕರಿಸಲು ಬಂದ ಎಪ್ಪತ್ತೈದರ ಅಜ್ಜನಿಗೆ ವರ್ಷ ವರ್ಷ ಕಂತು ಕಟ್ಟುವ ವಿಮಾ ಪಾಲಿಸಿ ಅಂಟಿಸಿದ್ದನ್ನು ನೋಡಿದ್ದೇನೆ. ಟಾರ್ಗೆಟ್ ಎಂಬ ಭೂತ ಯಾವ ಮಾರ್ಚ್ ತಿಂಗಳಿನಲ್ಲೂ ಮಲಗುವುದಿಲ್ಲ. ಮಕ್ಕಳು ರಜೆಗೆ ಬಂದಾಗ ಅಪ್ಪನ ಕಾಗದ ನೋಡಿ, 'ಠೇವಣಿ' ಎಂದು ಹೇಳಿದ್ದು ಪಾಲಿಸಿಯಾಗಿದ್ದರೆ, ಕೈಗೆ ಬಂದ ದಿನದಿಂದ 30 ದಿನದೊಳಗೆ ಹಿಂದಿರುಗಿಸಬಹುದು. ಅಲ್ಪಸ್ವಲ್ಪ ಕಡಿತವಾಗಿ ಉಳಿದದ್ದು ವಾಪಸು ಬರುತ್ತದೆ.

ತೋಟ, ಮನೆ ನನ್ನ ಕೆಲಸವಲ್ಲ, ಆದರೂ ಎಲ್ಲರೂ ಕೇಳುತ್ತಿದ್ದರು. ದಾನಪತ್ರ ಬರೆದುಕೊಡುವುದೇ ಆದರೆ 'ನನ್ನನ್ನು ನೋಡಿಕೊಳ್ಳಬೇಕು' ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ ಎನ್ನುತ್ತಿದ್ದೆ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ನಿಂತಿರುವುದು ಆ ಷರತ್ತಿನ ಮೇಲೆ. ಅದನ್ನು ಮುರಿದರೆ ಪತ್ರ ರದ್ದುಮಾಡಿ ಎಂದು ಉಪವಿಭಾಗಾಧಿಕಾರಿ ಮುಂದೆ ಅರ್ಜಿ ಹಾಕಬಹುದು. ಷರತ್ತಿಲ್ಲದ ಪತ್ರ ಹಿಡಿದು ಹೋದವರು 2022ರಲ್ಲಿ ಸುಪ್ರೀಂ ಕೋರ್ಟಿನಲ್ಲೇ ಸೋತದ್ದಿದೆ. 2025ರ ಜನವರಿಯ ತೀರ್ಪು ಹಿರಿಯರ ಕಡೆಗೆ ಸ್ವಲ್ಪ ವಾಲಿದೆ, ಆದರೆ ಅದನ್ನು ನಂಬಿ ಒಂದು ಸಾಲು ಉಳಿಸುವುದೇಕೆ? ಉಯಿಲಾದರೆ ಇನ್ನೂ ವಾಸಿ, ಬದುಕಿರುವ ತನಕ ಬದಲಿಸಬಹುದು.

ಇಷ್ಟೆಲ್ಲ ಕೇಳಿದ ಮೇಲೂ "ಗೊತ್ತಿದ್ದೇ ಕೊಡ್ತಾ ಇದ್ದೇನೆ ತಂಗೀ, ವಾಪಸು ಬರೋದಲ್ಲ ಅಂತಲೂ ಗೊತ್ತು" ಎಂದು ಹೇಳಿದ ಅಜ್ಜಿಯೂ ಇದ್ದರು. ದುಡ್ಡು ಅವರದು, ಬುದ್ಧಿಯೂ ಚುರುಕಾಗಿತ್ತು. ತಡೆಯುವ ಹಕ್ಕು ನನಗಿರಲಿಲ್ಲ, ಇರಬೇಕು ಎಂದೂ ನನಗನ್ನಿಸಿಲ್ಲ. ಒಂದು ಎಫ್‌ಡಿ ಮುರಿದುಕೊಟ್ಟೆ. ಉಳಿದವುಗಳ ಬಡ್ಡಿ ಪ್ರತಿ ತಿಂಗಳೂ ಅವರೊಬ್ಬರದೇ ಹೆಸರಿನ ಖಾತೆಗೆ ಬರುವಂತೆ ಅಲ್ಲೇ ಅರ್ಜಿ ಬರೆಸಿಕೊಂಡು, ಮೊಮ್ಮಗನ ಕೈಯಲ್ಲಿದ್ದ ಎಟಿಎಂ ಕಾರ್ಡನ್ನು ಬ್ಲಾಕ್ ಮಾಡಿಸಿದೆವು.