ಮಲೆನಾಡಿನ ಮನೆಗೆ ಟಿವಿ ರೆಕಾರ್ಡರ್: ಲಿನಕ್ಸ್, ಫ್ರೀ ಡಿಶ್ ಮತ್ತು ಟಿವಿಹೆಡೆಂಡ್

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಟಿವಿ ಅಂದರೆ ದೂರದರ್ಶನದವರ ಉಚಿತ ಉಪಗ್ರಹ ಸೇವೆ, ಡಿಡಿ ಫ್ರೀ ಡಿಶ್. ತಿಂಗಳ ಬಾಡಿಗೆ ಇಲ್ಲ, ರೀಚಾರ್ಜ್ ತಲೆನೋವಿಲ್ಲ. ಅಪ್ಪನಿಗೆ ಚಂದನದ ಕೃಷಿ ಕಾರ್ಯಕ್ರಮ ಬೇಕು, ಅದು ಬರುವ ಹೊತ್ತಿಗೆ ಅವರು ತೋಟದಲ್ಲಿರುತ್ತಾರೆ. ಅಮ್ಮನಿಗೆ ಸಂಗೀತ, ಯಕ್ಷಗಾನ ಬೇಕು, ಆ ಹೊತ್ತಿಗೆ ಒಲೆ ಮೇಲೆ ಏನಾದರೂ ಇರುತ್ತದೆ. ಯೂಟ್ಯೂಬಿನಲ್ಲಿ ಸಿಗುತ್ತಲ್ಲ ಅಂತ ಕೇಳಬೇಡಿ. ನಮ್ಮೂರಿನ ನೆಟ್ ಬೇಸಿಗೆಯಲ್ಲೇ ಅಷ್ಟಕ್ಕಷ್ಟೆ, ಮಳೆಗಾಲದಲ್ಲಿ ದೇವರಿಗೇ ಪ್ರೀತಿ.

ಹಾಗಾಗಿ ಆಕಾಶದಿಂದ ಬರುವ ಸಿಗ್ನಲ್ಲನ್ನೇ ಹಿಡಿದು ಡಿಸ್ಕಿಗೆ ತುಂಬಿಸುವ ಒಂದು ಯಂತ್ರ ಮಾಡಿಟ್ಟೆ. ಅದರಲ್ಲಿ ಓಡುವುದು ಲಿನಕ್ಸ್, ರೆಕಾರ್ಡ್ ಮಾಡುವುದು ಟಿವಿಹೆಡೆಂಡ್ ಅನ್ನುವ ಸಾಫ್ಟ್‌ವೇರ್. ನಾನಿರುವುದು ಬೆಂಗಳೂರಿನಲ್ಲಿ. ನಾನಿಲ್ಲದಾಗ ಕರೆಂಟ್ ಹೋಗಿ ಬಂದರೂ ಯಾರೂ ಮುಟ್ಟದೆ ಅದು ತಾನಾಗಿಯೇ ಎದ್ದು ಕೆಲಸ ಶುರು ಮಾಡಬೇಕು. ನನಗಿದ್ದ ಶರತ್ತು ಇದೊಂದೇ. ಮುಂದೆ ಬರುವ ಆಯ್ಕೆಗಳೆಲ್ಲ ಇದರಿಂದಲೇ ಹುಟ್ಟಿದವು.

ಸಾಮಾನು ಕಮ್ಮಿ. ರಾಸ್ಪ್‌ಬೆರಿ ಪೈ 4 ಅನ್ನುವ ಒಂದು ಪುಟ್ಟ ಕಂಪ್ಯೂಟರ್, ಉಪಗ್ರಹ ಟಿವಿ ಸಿಗ್ನಲ್ ಓದಲು ಯುಎಸ್‌ಬಿಗೆ ಹಾಕುವ ಡಿವಿಬಿ-ಎಸ್2 ಟ್ಯೂನರ್, ಸ್ವಂತ ಅಡಾಪ್ಟರ್ ಇರುವ ಹಾರ್ಡ್ ಡಿಸ್ಕ್, ಸಣ್ಣ ಯುಪಿಎಸ್. ಡಿಶ್ ಮೊದಲೇ ಇತ್ತು. ಅದರ ಎಲ್‌ಎನ್‌ಬಿ (ಡಿಶ್ ಮುಂದೆ ನಿಂತು ಸಿಗ್ನಲ್ ಹಿಡಿಯುವ ಭಾಗ) ಮಾತ್ರ ಬದಲಾಯಿಸಿ ಎರಡು ಔಟ್‌ಪುಟ್ ಇರುವ ಟ್ವಿನ್ ಎಲ್‌ಎನ್‌ಬಿ ಹಾಕಿಸಿದೆ. ಒಂದು ವಯರ್ ಹಳೇ ಸೆಟ್ ಟಾಪ್ ಬಾಕ್ಸಿಗೆ, ಇನ್ನೊಂದು ಟ್ಯೂನರಿಗೆ. ಒಂದೇ ವಯರನ್ನು ಸೀಳಿ ಎರಡಕ್ಕೂ ಕೊಟ್ಟರೆ ಜಗಳ ಬರಬಹುದು. ಎಲ್‌ಎನ್‌ಬಿಗೆ 13 ವೋಲ್ಟ್ ಹೋದರೆ ವರ್ಟಿಕಲ್ (ಲಂಬ) ಅಲೆ, 18 ವೋಲ್ಟ್ ಹೋದರೆ ಹಾರಿಜಾಂಟಲ್ (ಅಡ್ಡ) ಅಲೆ ಹಿಡಿಯುತ್ತದೆ. ಎರಡು ಪೆಟ್ಟಿಗೆಗಳು ಬೇರೆ ಬೇರೆ ಕೇಳಿದರೆ ಅದು ಯಾರ ಮಾತು ಕೇಳಬೇಕು ಹೇಳಿ?

ಡಿಶ್ ವಿಷಯಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ. ಲಿನಕ್ಸ್ ಬಲ್ಲವರು ಎಡವುವುದು ಸಾಮಾನ್ಯವಾಗಿ ಇಲ್ಲೇ. ಫ್ರೀ ಡಿಶ್ ಬರುವುದು 93.5 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್-15 ಉಪಗ್ರಹದಿಂದ. ಅದನ್ನು 2015ರ ನವೆಂಬರಿನಲ್ಲಿ ಹಾರಿಸಿದರು. ತೀರ್ಥಹಳ್ಳಿಯಿಂದ ನೋಡಿದರೆ ಅದು ಆಗ್ನೇಯ ದಿಕ್ಕಿಗೆ, ಉತ್ತರದಿಂದ ಎಣಿಸಿದರೆ ಸುಮಾರು 126 ಡಿಗ್ರಿಯಲ್ಲಿದೆ. ಎತ್ತರ ಸುಮಾರು 63 ಡಿಗ್ರಿ. ಇಷ್ಟು ಮೇಲಿರುವುದು ಮಲೆನಾಡಿನವರಿಗೆ ಅನುಕೂಲವೇ. ಆ ದಿಕ್ಕಿನಲ್ಲಿ ಡಿಶ್‌ನಿಂದ 10 ಅಡಿ ದೂರದಲ್ಲಿರುವ ಮರ, ಡಿಶ್ ಮಟ್ಟದಿಂದ 20 ಅಡಿ ಮೇಲಕ್ಕೆ ಬೆಳೆದಿದ್ದರೆ ಮಾತ್ರ ಅಡ್ಡ ಬರುತ್ತದೆ. ದೂರದ ಎರಡರಷ್ಟು ಎತ್ತರ, ಇದೇ ಲೆಕ್ಕ. ನಮ್ಮ ಹಿತ್ತಲ ಹಲಸಿನ ಮರ ಬಚಾವಾಗಿದ್ದು ಈ ಲೆಕ್ಕದಿಂದ. ಅಪ್ಪ ಆಗಲೇ ಕತ್ತಿ ಮಸೆಯುವ ಮಾತಾಡುತ್ತಿದ್ದರು.

ಇನ್ನೊಂದು ವಿಷಯ, ಎಲ್‌ಎನ್‌ಬಿಯನ್ನು ಓರೆ ಮಾಡುವುದು. ಯುರೋಪಿನವರು ಬರೆದ ಗೈಡುಗಳಲ್ಲಿ ಚೂರು ತಿರುಗಿಸಿ ಅಂತಿರುತ್ತದೆ. ನಾವು ಭೂಮಧ್ಯರೇಖೆಗೆ ಹತ್ತಿರ ಇರುವುದರಿಂದ ಇಲ್ಲಿ ಲೆಕ್ಕಕ್ಕೆ ಬರುವುದು 52 ಡಿಗ್ರಿ ಆಸುಪಾಸು, ಅಂದರೆ ಲಂಬಕೋನದ ಅರ್ಧಕ್ಕಿಂತ ಜಾಸ್ತಿ ಓರೆ. ಡಿಶ್ ಕೂರಿಸಲು ಬಂದ ಹುಡುಗ ಯಾವ ಲೆಕ್ಕವನ್ನೂ ಹಾಕಲಿಲ್ಲ. "ಅಣ್ಣಾ, ನೀವು ಒಳಗೆ ಕ್ವಾಲಿಟಿ ಎಷ್ಟು ಅಂತ ಕೂಗ್ತಾ ಇರಿ, ನಾನು ತಿರುಗಿಸ್ತೀನಿ" ಅಂದ. ಹಾಗೇ ಮಾಡಿದೆವು. ಅವನ ಕೈ ನಿಂತ ಜಾಗ ನನ್ನ ಲೆಕ್ಕದ ಹತ್ತಿರವೇ ಇತ್ತು.

ಎಲ್‌ಎನ್‌ಬಿ ಕೊಳ್ಳುವಾಗ ಯೂನಿವರ್ಸಲ್ ಅಂತಲೇ ಕೇಳಿ. ಬಂದ ಫ್ರೀಕ್ವೆನ್ಸಿಯನ್ನು ಕೆಳಗಿಳಿಸುವ ಅದರ ಒಳಗಿನ ಆಸಿಲೇಟರ್ 9750 ಮತ್ತು 10600 ಮೆಗಾಹರ್ಟ್ಸ್, ಎರಡರಲ್ಲೂ ಓಡುತ್ತದೆ. ಫ್ರೀ ಡಿಶ್‌ನ 11090 ಮೆಗಾಹರ್ಟ್ಸ್ ತೆಗೆದುಕೊಳ್ಳಿ. ಅದರಲ್ಲಿ 9750 ಕಳೆದರೆ 1340. ಟ್ಯೂನರ್ ಹಿಡಿಯುವುದು 950ರಿಂದ 2150ರವರೆಗೆ, ಸರಿಯಾಯಿತು. 10600 ಮಾತ್ರ ಇರುವ ಎಲ್‌ಎನ್‌ಬಿ ತಂದರೆ ಉಳಿಯುವುದು 490. ಟ್ಯೂನರಿಗೆ ಅದು ಕೇಳಿಸುವುದೇ ಇಲ್ಲ. ಆಮೇಲೆ ಸಾಫ್ಟ್‌ವೇರ್ ಸರಿಯಿಲ್ಲ ಅಂತ ರಾತ್ರಿಯೆಲ್ಲ ಕೂತರೂ ಪ್ರಯೋಜನವಿಲ್ಲ.

ಈಗ ಒಳಗಿನ ಕೆಲಸ. ಟ್ಯೂನರ್ ಆರಿಸುವಾಗ ನಾನು ನೋಡಿದ್ದು ಒಂದೇ, ಅದರ ಡ್ರೈವರ್ ಲಿನಕ್ಸಿನ ತಿರುಳಾದ ಕರ್ನಲ್ ಒಳಗೇ ಇರಬೇಕು. ತಯಾರಕರು ಪ್ರತ್ಯೇಕವಾಗಿ ಕೊಡುವ ಡ್ರೈವರಾದರೆ ಪ್ರತಿ ಸಲ ಕರ್ನಲ್ ಬದಲಾದಾಗಲೂ ಮತ್ತೆ ಕಂಪೈಲ್ ಮಾಡಬೇಕು (ಸೋರ್ಸ್ ಕೋಡಿನಿಂದ ಹೊಸದಾಗಿ ಕಟ್ಟಬೇಕು). ಬೆಂಗಳೂರಿನಲ್ಲಿ ಕೂತವನಿಗೆ ಅದು ಆಗದ ಮಾತು. ನನ್ನದರ ಒಳಗಿರುವ ಚಿಪ್ ಎಂ88ಡಿಎಸ್3103. ಟ್ಯೂನರ್ ಚುಚ್ಚಿದ ಮೇಲೆ ಕರ್ನಲ್ ಲಾಗ್ ನೋಡಿ. ಸಾಧನ ಗುರುತಾಯಿತು ಅನ್ನುವ ಸಾಲಿನ ಹಿಂದೆಯೇ, ಈ ಚಿಪ್ಪಿನ ಫರ್ಮ್‌ವೇರ್ ಸಿಗಲಿಲ್ಲ ಅನ್ನುವ ಸಾಲೂ ಬರಬಹುದು. ಡ್ರೈವರ್ ಲಿನಕ್ಸಿನ ಕಡೆಯದು, ಫರ್ಮ್‌ವೇರ್ ಚಿಪ್ಪಿನೊಳಗೆ ಓಡುವುದು, ಎರಡೂ ಬೇರೆ ಬೇರೆ. ಲಿಬ್ರೆಎಲೆಕ್ ಅನ್ನುವ ಲಿನಕ್ಸ್ ಆವೃತ್ತಿಯವರು ಇಂಥ ಫರ್ಮ್‌ವೇರ್ ಫೈಲುಗಳನ್ನೆಲ್ಲ ಒಂದೇ ಕಡೆ ಸೇರಿಸಿಟ್ಟಿದ್ದಾರೆ. ಅಲ್ಲಿಂದ ಬೇಕಾದದ್ದನ್ನು ತಂದು ಲಿಬ್ ಕೆಳಗಿನ ಫರ್ಮ್‌ವೇರ್ ಫೋಲ್ಡರಿಗೆ ಹಾಕಿ ಮರುಚಾಲೂ ಮಾಡಿದೆ. ಡೆವ್ ಒಳಗೆ ಡಿವಿಬಿ, ಅದರೊಳಗೆ ಅಡಾಪ್ಟರ್ ಸೊನ್ನೆ ಕಾಣಿಸಿತು ಅಂದರೆ ಅರ್ಧ ಗೆದ್ದಂತೆ.

ರೆಕಾರ್ಡಿಂಗ್ ಸಾಫ್ಟ್‌ವೇರ್ ಹಾಕುವ ಮುಂಚೆ ಡಿವಿಬಿ ಟೂಲ್ಸ್ ಪ್ಯಾಕೇಜಿನಿಂದ ಸಿಗ್ನಲ್ ಲಾಕ್ ಆಗುತ್ತದಾ ಅಂತ ಪರೀಕ್ಷೆ ಮಾಡಿ. ಕಪ್ಪು ಪರದೆಯ ಮೇಲೆ ಲಾಕ್ ಅಂತ ಬರುವವರೆಗೆ ಮುಂದೆ ಹೋಗಬೇಡಿ. ಡಿಶ್, ಡ್ರೈವರ್, ಸಾಫ್ಟ್‌ವೇರ್ ಮೂರನ್ನೂ ಒಟ್ಟಿಗೆ ಅನುಮಾನಿಸುತ್ತಾ ಕೂತರೆ ಯಾವುದೂ ಸರಿಹೋಗುವುದಿಲ್ಲ.

ಸಾಫ್ಟ್‌ವೇರಿನಲ್ಲಿ ನನ್ನ ಮುಂದೆ ಇದ್ದದ್ದು ಮೂರು ಹೆಸರು: ವಿಡಿಆರ್, ಮಿಥ್‌ಟಿವಿ, ಟಿವಿಹೆಡೆಂಡ್. ಮಿಥ್‌ಟಿವಿ 2002ರಿಂದ ಇರುವ ಹಿರಿಯ. ಜಾಹೀರಾತು ಬಿಟ್ಟು ತೋರಿಸುವಂಥ ಚಂದದ ಕೆಲಸಗಳು ಅದಕ್ಕೆ ಬರುತ್ತವೆ. ಆದರೆ ಅದರ ಬೆನ್ನಿಗೆ ಒಂದು ಡೇಟಾಬೇಸ್ ಸರ್ವರ್ ಬೇಕು. ಕರೆಂಟ್ ಪದೇ ಪದೇ ಹೋಗುವ ಊರಿನಲ್ಲಿ ಡೇಟಾಬೇಸ್ ಸಾಕುವ ಧೈರ್ಯ ನನಗಿಲ್ಲ. ಟಿವಿಹೆಡೆಂಡ್ ತನ್ನ ಸೆಟ್ಟಿಂಗ್ಸನ್ನೆಲ್ಲ ಸಣ್ಣ ಸಣ್ಣ ಫೈಲುಗಳಲ್ಲಿ ಬರೆದಿಡುತ್ತದೆ. ಆ ಫೋಲ್ಡರನ್ನು ಕಾಪಿ ಮಾಡಿಟ್ಟುಕೊಂಡರೆ ಅದೇ ಬ್ಯಾಕಪ್. ಅದಕ್ಕೆ ಪರದೆಯೂ ಬೇಡ, ಎಲ್ಲ ಕೆಲಸ ಬ್ರೌಸರಿನಿಂದಲೇ ಆಗುತ್ತದೆ. ಪೋರ್ಟ್ 9981 ಬ್ರೌಸರಿಗೆ, 9982 ಕೋಡಿಯಂಥ ಪ್ಲೇಯರುಗಳಿಗೆ.

ನಾನು ಗಿಟ್‌ನಿಂದ ಸೋರ್ಸ್ ತಂದು ಪೈ ಮೇಲೆಯೇ ಕಂಪೈಲ್ ಮಾಡಿದೆ. ಕಾನ್ಫಿಗರ್ ಹಂತದಲ್ಲೇ ಟ್ರಾನ್ಸ್‌ಕೋಡಿಂಗ್ (ವಿಡಿಯೋವನ್ನು ಬೇರೆ ರೂಪಕ್ಕೆ ಬದಲಾಯಿಸುವುದು) ಆಫ್ ಮಾಡಿದೆ. ಬೇಡದ ಭಾಗ ಬಿಟ್ಟುಹೋಗಿ ಕೆಲಸ ಬೇಗ ಮುಗಿಯುತ್ತದೆ. ಆಮೇಲೆ ಅಡ್ಮಿನ್ ಹೆಸರು, ಪಾಸ್‌ವರ್ಡ್ ಕೊಡಿ. ಸರ್ವರ್ ಓಡುವ ಯೂಸರ್ ವಿಡಿಯೋ ಗುಂಪಿನಲ್ಲಿ ಇದ್ದಾನಾ ನೋಡಿ. ಇಲ್ಲದಿದ್ದರೆ ಟ್ಯೂನರ್ ಇದ್ದೂ ಇಲ್ಲದಂತೆ ಪಟ್ಟಿ ಖಾಲಿ ಬರುತ್ತದೆ.

ಹೊಸಬರಿಗೆ ಟಿವಿಹೆಡೆಂಡ್ ಕಷ್ಟ ಅನ್ನಿಸುವುದು ಅದರ ನಾಲ್ಕು ಮೆಟ್ಟಿಲಿನಿಂದ: ನೆಟ್‌ವರ್ಕ್, ಮಕ್ಸ್, ಸರ್ವೀಸ್, ಚಾನೆಲ್. ಒಂದು ಮಕ್ಸ್ (ಒಂದೇ ಫ್ರೀಕ್ವೆನ್ಸಿಯಲ್ಲಿ ಒಟ್ಟಿಗೆ ಬರುವ ಚಾನೆಲ್‌ಗಳ ಕಟ್ಟು) ಅಂದರೆ ಒಂದು ಬಸ್ಸು, ಅದರಲ್ಲಿ ಕೂತವರೆಲ್ಲ ಸರ್ವೀಸುಗಳು. ಡಿವಿಬಿ-ಎಸ್ ನೆಟ್‌ವರ್ಕ್ ಅಂತ ಒಂದು ಮಾಡಿ, ಟ್ಯೂನರಿನ ಸೆಟ್ಟಿಂಗಿನಲ್ಲಿ ಯೂನಿವರ್ಸಲ್ ಎಲ್‌ಎನ್‌ಬಿ ಆರಿಸಿ ಈ ನೆಟ್‌ವರ್ಕಿಗೆ ಗಂಟು ಹಾಕಿ. ಆಮೇಲೆ ಮಕ್ಸನ್ನು ಕೈಯಾರೆ ಸೇರಿಸಿ: 11090, ವರ್ಟಿಕಲ್, ಸಿಂಬಲ್ ರೇಟ್ (ಸಿಗ್ನಲ್ ಬರುವ ವೇಗ) 29500. ಕೆಲವು ಪರದೆಗಳಲ್ಲಿ ಕಿಲೋಹರ್ಟ್ಸ್ ಕೇಳುತ್ತದೆ, ಮೂರು ಸೊನ್ನೆ ಜಾಸ್ತಿ ಹಾಕಬೇಕು. ಎಫ್‌ಇಸಿ (ತಪ್ಪು ತಿದ್ದಲು ಸೇರಿಸುವ ಬಿಟ್‌ಗಳ ಪ್ರಮಾಣ) ಆಟೋ ಇರಲಿ. ಹೀಗೇ ಉಳಿದ ಫ್ರೀಕ್ವೆನ್ಸಿಗಳನ್ನೂ ಈಗಿನ ಪಟ್ಟಿ ನೋಡಿಕೊಂಡು ಸೇರಿಸಿ. ಹಳೇ ಪಟ್ಟಿಗಳನ್ನು ನಂಬಬೇಡಿ. ಖಾಸಗಿ ಚಾನೆಲ್‌ಗಳಿಗೆ ಪ್ರಸಾರ ಭಾರತಿ ಜಾಗ ಕೊಡುವುದು ಹರಾಜಿನಲ್ಲಿ. ಅವಧಿ ಮುಗಿದ ಹಾಗೆ ಚಾನೆಲ್‌ಗಳು ಬರುತ್ತಿರುತ್ತವೆ, ಹೋಗುತ್ತಿರುತ್ತವೆ.

ಸ್ಕ್ಯಾನ್ ಮುಗಿದ ಮೇಲೆ ಬರುವ ರಾಶಿಯನ್ನೆಲ್ಲ ಚಾನೆಲ್ ಮಾಡಬೇಡಿ. ಬೀಗ ಹಾಕಿದ ಸರ್ವೀಸ್ ಯಾವುದು ಅಂತ ಪಟ್ಟಿಯಲ್ಲೇ ಗೊತ್ತಾಗುತ್ತದೆ, ಅದನ್ನು ಸುಮ್ನೆ ಬಿಟ್ಟುಬಿಡಿ. ಮನೆಯವರು ನೋಡುವ ಚಾನೆಲ್‌ಗಳನ್ನು ಮಾತ್ರ ಆರಿಸಿ, ಚಂದನಕ್ಕೆ ಒಂದನೇ ನಂಬರ್ ಕೊಟ್ಟೆ.

ಈ ಬಸ್ಸಿನ ಲಾಭ ರೆಕಾರ್ಡ್ ಮಾಡುವಾಗ ಕಾಣುತ್ತದೆ. ಟ್ಯೂನರ್ ಒಂದೇ ಇದ್ದರೂ, ಅದು ಇಡೀ ಮಕ್ಸನ್ನು ಒಳಗೆ ತರುತ್ತದೆ. 29500 ಸಿಂಬಲ್ ರೇಟಿನ ಕ್ಯೂಪಿಎಸ್‌ಕೆ (ಸಿಂಬಲಿಗೆ ಎರಡು ಬಿಟ್) ಮಕ್ಸಿನಲ್ಲಿ, ಎಫ್‌ಇಸಿ ಮುಕ್ಕಾಲು ಇದ್ದರೆ, ಸೆಕೆಂಡಿಗೆ ಸುಮಾರು 40 ಮೆಗಾಬಿಟ್. ಯುಎಸ್‌ಬಿಗೆ ಇದು ಲೆಕ್ಕಕ್ಕೇ ಇಲ್ಲ. ಅದೇ ಮಕ್ಸಿನ ಎರಡು ಮೂರು ಚಾನೆಲ್‌ಗಳನ್ನು ಒಟ್ಟಿಗೆ ರೆಕಾರ್ಡ್ ಮಾಡಿದರೂ ಪೈ ಬೆವರುವುದಿಲ್ಲ. ಬಂದ ಬಿಟ್‌ಗಳನ್ನು ಹಾಗೇ ಡಿಸ್ಕಿಗೆ ಬರೆಯುವುದು, ಅಷ್ಟೇ ಕೆಲಸ. ಅದೇ ಹೊತ್ತಿಗೆ ಬೇರೆ ಮಕ್ಸಿನ ಚಾನೆಲ್ ಬೇಕಾದರೆ ಮಾತ್ರ ಇನ್ನೊಂದು ಟ್ಯೂನರ್ ಬೇಕು. ಜಾಗದ ಲೆಕ್ಕವೂ ಸುಲಭ: ಸೆಕೆಂಡಿಗೆ 1 ಮೆಗಾಬಿಟ್ ಅಂದರೆ ಗಂಟೆಗೆ 450 ಎಂಬಿ. 2 ಮೆಗಾಬಿಟ್‌ನ ಚಾನೆಲ್ ಗಂಟೆಗೆ 900 ಎಂಬಿ ತಿನ್ನುತ್ತದೆ.

ರೆಕಾರ್ಡಿಂಗ್ ಪ್ರೊಫೈಲಿನಲ್ಲಿ ಮೊದಲೇ ಇರುವುದು ಎಂಪೆಗ್-ಟಿಎಸ್ ಪಾಸ್, ಅಂದರೆ ಸಿಗ್ನಲ್ಲನ್ನು ಬಂದ ಹಾಗೇ ಬರೆಯುವುದು. ಮ್ಯಾಟ್ರೋಸ್ಕಾ ಅನ್ನುವ ಇನ್ನೊಂದು ಫೈಲ್ ರೂಪಕ್ಕೆ ಬದಲಾಯಿಸದೆ ನಾನು ಅದನ್ನೇ ಇಟ್ಟೆ. ಟಿಎಸ್ ಫೈಲಿಗೆ ಕೊನೆಯಲ್ಲಿ ಬರೆಯಬೇಕಾದ ಸೂಚಿ ಅಂತ ಏನೂ ಇಲ್ಲ. ಯುಪಿಎಸ್ ಕೈಕೊಟ್ಟು ನಡುವೆ ನಿಂತರೂ, ಅಲ್ಲಿಯವರೆಗಿನ ಭಾಗ ಸಲೀಸಾಗಿ ಓಡುತ್ತದೆ.

ಹಾರ್ಡ್ ಡಿಸ್ಕಿನ ವಿಷಯದಲ್ಲಿ ಒಂದು ಎಚ್ಚರ. ಡಿಸ್ಕ್ ಮೌಂಟ್ ಆಗದೆ (ಲಿನಕ್ಸಿನ ಫೋಲ್ಡರಿಗೆ ಜೋಡಣೆಯಾಗದೆ) ಇದ್ದರೆ ಅದರ ಫೋಲ್ಡರ್ ಹೆಸರು ಎಸ್‌ಡಿ ಕಾರ್ಡಿನಲ್ಲಿ ಖಾಲಿಯಾಗಿ ಇದ್ದೇ ಇರುತ್ತದೆ. ರೆಕಾರ್ಡಿಂಗ್ ಅಲ್ಲಿಗೇ ಹೋಗಿ ಕಾರ್ಡ್ ತುಂಬಿ ಇಡೀ ಯಂತ್ರ ಮಲಗುತ್ತದೆ. ಇದಕ್ಕೆ ಸಾಫ್ಟ್‌ವೇರುಗಳನ್ನು ಶುರು ಮಾಡಿಸುವ ಸಿಸ್ಟಮ್‌ಡಿಯಲ್ಲಿ ಒಂದು ಸಾಲು ಸಾಕು: ಈ ಸರ್ವೀಸ್ ಶುರುವಾಗಬೇಕಾದರೆ ಆ ಮೌಂಟ್ ಇರಲೇಬೇಕು. ಡಿಸ್ಕನ್ನು ಯುಯುಐಡಿ (ಅದರದೇ ಗುರುತಿನ ಸಂಖ್ಯೆ) ಹೆಸರಿನಲ್ಲಿ, ಡಿಸ್ಕುಗಳ ಪಟ್ಟಿಯಿರುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಬರೆದು, ನೋಫೇಲ್ ಅಂತ ಸೇರಿಸಿ. ಆಗ ಡಿಸ್ಕ್ ಕೈಕೊಟ್ಟರೂ ಪೈ ಎದ್ದು ಕೂರುತ್ತದೆ, ಎಸ್‌ಎಸ್‌ಎಚ್ ಮೂಲಕ ದೂರದಿಂದಲೇ ಒಳಗೆ ಹೋಗಿ ನೋಡಬಹುದು.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಗಡಿಯಾರ. ಪೈ 4ರ ಒಳಗೆ ಬ್ಯಾಟರಿ ಗಡಿಯಾರ ಇಲ್ಲ. ಎದ್ದ ಕೂಡಲೇ ನೆಟ್‌ನಿಂದ ಸಮಯ ಕೇಳುತ್ತದೆ. ನೆಟ್ ಇಲ್ಲದಿದ್ದರೆ ಯಾವತ್ತೋ ಉಳಿಸಿಟ್ಟ ಸಮಯದಿಂದಲೇ ಮುಂದುವರಿಯುತ್ತದೆ. ನಮ್ಮೂರಿನಲ್ಲಿ ಕರೆಂಟ್ ಹೋದರೆ ನೆಟ್ಟೂ ಜೊತೆಗೇ ಹೋಗುತ್ತದೆ, ಕರೆಂಟ್ ಬಂದ ಕೂಡಲೇ ಅದು ಬರುವುದಿಲ್ಲ. ಸಂಜೆ ಕಾರ್ಯಕ್ರಮವನ್ನು ರಾತ್ರಿ ರೆಕಾರ್ಡ್ ಮಾಡಿಕೊಂಡು ಕೂತರೆ ಏನು ಬಂತು? ಟಿವಿ ಸಿಗ್ನಲ್ಲಿನಲ್ಲಿ ಬರುವ ಸಮಯದಿಂದ ಗಡಿಯಾರ ಸರಿಮಾಡುವ ಆಯ್ಕೆ ಟಿವಿಹೆಡೆಂಡಿನಲ್ಲಿ ಇದೆ, ಆದರೆ ಅದಕ್ಕೆ ರೂಟ್ ಅಧಿಕಾರ, ಅಂದರೆ ಇಡೀ ಯಂತ್ರದ ಪೂರ್ಣ ಅಧಿಕಾರ ಬೇಕು. ಅದು ನನಗೆ ಒಗ್ಗಲಿಲ್ಲ. ಡಿಎಸ್3231 ಅನ್ನುವ ಸಣ್ಣ ಗಡಿಯಾರದ ಬೋರ್ಡನ್ನು ಪೈಯ ಪಿನ್ನುಗಳಿಗೆ ಸಿಕ್ಕಿಸಿ, ಕಾನ್ಫಿಗ್ ಫೈಲಿನಲ್ಲಿ ಅದರ ಓವರ್‌ಲೇ ಹೆಸರು ಬರೆದೆ. ಬಟನ್ ಸೆಲ್ ಇರುವವರೆಗೂ ಚಿಂತೆಯಿಲ್ಲ. ಪೈ 5 ತೆಗೆದುಕೊಳ್ಳುವವರಿಗೆ ಗಡಿಯಾರ ಒಳಗೇ ಇದೆ, ಸೆಲ್ ಮಾತ್ರ ಹಾಕಬೇಕು.

ಕಾರ್ಯಕ್ರಮಗಳ ವಿದ್ಯುನ್ಮಾನ ಪಟ್ಟಿಯ ಮೇಲೆ ನಾನು ಭಾರ ಹಾಕಲಿಲ್ಲ. ಹೆಸರು ಹುಡುಕಿ ರೆಕಾರ್ಡ್ ಮಾಡುವ ಆಟೋರೆಕ್ ಬದಲು ಟೈಮರ್ ಬಳಸಿದೆ: ಇಂಥ ಚಾನೆಲ್, ಇಂಥ ವಾರ, ಇಷ್ಟರಿಂದ ಇಷ್ಟು ಗಂಟೆ. ಮುಂಚೆ 5 ನಿಮಿಷ, ಆಮೇಲೆ 15 ನಿಮಿಷ ಜಾಸ್ತಿ. ಜಂಬೂಸವಾರಿ ದಿನ ಮಾತ್ರ ಮಧ್ಯಾಹ್ನದಿಂದ ಕತ್ತಲಾಗುವವರೆಗೆ ಒಂದೇ ಉದ್ದಕ್ಕೆ ಹಾಕಿಬಿಡುತ್ತೇನೆ. ಮುಹೂರ್ತಕ್ಕೆ ಸರಿಯಾಗಿ ಆನೆ ಹೊರಡಬೇಕಲ್ವಾ?

ಮಳೆಗಾಲದ ಮಾತು ಹೇಳದಿದ್ದರೆ ಮಲೆನಾಡಿನವನ ಬರಹ ಪೂರ್ತಿಯಾಗುವುದಿಲ್ಲ. ಫ್ರೀ ಡಿಶ್ ಬರುವ ಕೆಯು ಬ್ಯಾಂಡಿನ ಅಲೆಗಳನ್ನು ಮಳೆ ಹೀರುತ್ತದೆ. ಜುಲೈಯಲ್ಲಿ ಧೋ ಅಂತ ಸುರಿಯುವಾಗ ಯಾವ ಸಾಫ್ಟ್‌ವೇರೂ ಏನೂ ಮಾಡಲಾರದು. ಕೈಯಲ್ಲಿರುವುದು ಎರಡೇ: ಸ್ವಲ್ಪ ದೊಡ್ಡ ಡಿಶ್, ಮತ್ತು ನೀರು ಹೋಗದಂಥ ಕನೆಕ್ಟರ್. ಎಲ್‌ಎನ್‌ಬಿಯಿಂದ ಇಳಿಯುವ ಆರ್‌ಜಿ6 ಕೇಬಲನ್ನು ಗೋಡೆ ತೂತಿನ ಹೊರಗೆ ಒಂದು ಸುತ್ತು ಕೆಳಗೆ ಜೋಲಾಡುವಂತೆ ಬಿಡಿ. ನೀರು ಆ ಬಾಗಿನಿಂದ ತೊಟ್ಟಿಕ್ಕಿ ಹೋಗುತ್ತದೆ, ಒಳಗೆ ಬರುವುದಿಲ್ಲ. ಟಿವಿಹೆಡೆಂಡಿನ ಸ್ಟೇಟಸ್ ಪುಟದಲ್ಲಿ ನಡುವೆ ಕಳೆದುಹೋದ ತುಣುಕುಗಳನ್ನು ಎಣಿಸುವ ಕಂಟಿನ್ಯೂಟಿ ಎರರ್ ಅನ್ನುವ ಅಂಕಣ ಇದೆ. ಬಿಸಿಲಿನ ದಿನವೂ ಅದು ಏರುತ್ತಿದ್ದರೆ ಮಳೆಯನ್ನು ಬೈಯಬೇಡಿ, ಕನೆಕ್ಟರ್ ಬಿಚ್ಚಿ ನೋಡಿ. ತಾಮ್ರದ ತಂತಿ ಹಸಿರಾಗಿದ್ದರೆ ಕತ್ತರಿಸಿ ಹೊಸದು ಹಾಕಿ.

ನೋಡುವುದಕ್ಕೆ ಟಿವಿಯ ಪೆಟ್ಟಿಗೆಯಲ್ಲಿ ಕೋಡಿ, ಅದಕ್ಕೆ ಟಿವಿಹೆಡೆಂಡ್ ಆಡ್-ಆನ್. ಅಮ್ಮನಿಗೆ ಕಲಿಸಿದ್ದು ರಿಮೋಟಿನ ಮೂರು ಗುಂಡಿ ಮಾತ್ರ. ಅವಳು ನೋಡಿದ್ದನ್ನು ಅಳಿಸುವುದಿಲ್ಲ, "ಇರಲಿ ಬಿಡೋ, ಇನ್ನೊಂದ್ಸಲ ನೋಡ್ಬಹುದು" ಅನ್ನುತ್ತಾಳೆ. ಹಾಗಾಗಿ ಪ್ರೊಫೈಲನ್ನೇ ಎರಡು ಮಾಡಿದೆ. ಕೃಷಿ, ವಾರ್ತೆ ಎಲ್ಲ ಒಂದು ತಿಂಗಳಾದ ಮೇಲೆ ತಾನಾಗಿಯೇ ಅಳಿಯುತ್ತವೆ. ಯಕ್ಷಗಾನ, ಸಂಗೀತ ಅಳಿಯುವುದಿಲ್ಲ. ಡಿಸ್ಕಿನಲ್ಲಿ ಇಷ್ಟು ಜಾಗ ಖಾಲಿ ಇರಲೇಬೇಕು ಅನ್ನುವ ಮಿತಿಯನ್ನೂ ಏರಿಸಿದ್ದೇನೆ. ಎರಡನೇ ಪ್ರೊಫೈಲಿನ ಫೋಲ್ಡರ್ ದಪ್ಪಗಾಗುತ್ತಲೇ ಇದೆ, ಮುಂದಿನ ಸಲ ಊರಿಗೆ ಹೋಗುವಾಗ ಇನ್ನೊಂದು ಡಿಸ್ಕ್ ಒಯ್ಯಬೇಕು.